ಸಂದೇಹ ಉತ್ತರಕ್ಕಾಗಿ ಕಾಯಬೇಕು

ಪ್ರಿಯ ಓದುಗರೇ,

ಭೂಮಿ ಬಿಸಿಯಾಗಲು ಮನುಷ್ಯ ಕಾರಣನೆಂಬುದನ್ನು ನೀವು ಒಪ್ಪುವುದಿಲ್ಲ. ಹವಾಮಾನ ಎಂದಿನಿಂದಲೂ ಬದಲಾಗುತ್ತಲೇ ಬಂದಿದೆ, ಎಪ್ಪತ್ತರ ದಶಕದಲ್ಲಿ ಹಿಮಯುಗದ ಹೆಸರಿನಲ್ಲಿ ಹೆದರಿಸಿದವರೇ ಈಗ ಬಿಸಿಯ ಮಾತಾಡುತ್ತಿದ್ದಾರೆ, ಇದೆಲ್ಲ ತೆರಿಗೆ ಹೇರಲು ಹೂಡಿದ ನೆಪ ಎಂದು ಬರೆದಿದ್ದೀರಿ. ತೆರಿಗೆಯ ಬಗೆಗಿನ ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. 2018ರಲ್ಲಿ ಫ್ರಾನ್ಸ್‌ನಲ್ಲಿ ಇಂಧನ ತೆರಿಗೆಯ ವಿರುದ್ಧ ಹಳದಿ ಅಂಗಿ ತೊಟ್ಟು ಬೀದಿಗಿಳಿದವರ ಅಳಲೂ ಸುಳ್ಳಾಗಿರಲಿಲ್ಲ. ಆದರೆ ಮದ್ದು ದುಬಾರಿಯೆಂದು ರೋಗವನ್ನೇ ಅಲ್ಲಗಳೆಯಲು ಬರುವುದಿಲ್ಲ.

ಹಿಮಯುಗದ ಗುಲ್ಲು ಹಬ್ಬಿಸಿದ್ದರಲ್ಲಿ ಪತ್ರಿಕೆಗಳ ಪಾಲೇ ದೊಡ್ಡದು. 1975ರಲ್ಲಿ ಅಮೆರಿಕದ ವಾರಪತ್ರಿಕೆ ನ್ಯೂಸ್‌ವೀಕ್ ಪ್ರಕಟಿಸಿದ ಒಂದು ಪುಟದ ಬರಹವನ್ನು ಇಂದಿಗೂ ಎತ್ತಿ ತೋರಿಸುತ್ತಾರೆ. 1965ರಿಂದ 1979ರವರೆಗಿನ ವಿಜ್ಞಾನ ಪ್ರಬಂಧಗಳನ್ನು ಆಮೇಲೆ ಹುಡುಕಿ ಎಣಿಸಿದಾಗ, ಭೂಮಿ ತಂಪಾಗುತ್ತದೆ ಎಂದವು 7, ಬಿಸಿಯಾಗುತ್ತದೆ ಎಂದವು 44.

ಹವಾಮಾನ ಹಿಂದೆಯೂ ಬದಲಾಗಿದೆ, ನಿಜ; ಅದನ್ನು ನಮಗೆ ತಿಳಿಸಿದವರೂ ವಿಜ್ಞಾನಿಗಳೇ. ಈ ಸಲದ ಕಾರಣವನ್ನು ಅವರು ಪತ್ತೆಹಚ್ಚಿದ ಬಗೆಯನ್ನು ನೀವು ತಾಳ್ಮೆಯಿಂದ ನೋಡಬೇಕು. ಇತ್ತೀಚೆಗೆ ಬೆಳೆದ ಮರದಲ್ಲಿ, ಕಾಲ ಕಳೆದಂತೆ ತಾನಾಗಿಯೇ ಕ್ಷಯಿಸುವ ವಿಕಿರಣಶೀಲ ಇಂಗಾಲವಾದ ಇಂಗಾಲ-14 ಇರಬೇಕಾದುದಕ್ಕಿಂತ ಕಡಿಮೆಯಿದೆಯೆಂದು 1955ರಲ್ಲಿ ರಸಾಯನವಿಜ್ಞಾನಿ ಹ್ಯಾನ್ಸ್ ಸ್ಯೂಸ್ ಕಂಡುಕೊಂಡರು. ಕೋಟ್ಯಂತರ ವರ್ಷ ನೆಲದೊಳಗೆ ಹುದುಗಿದ್ದ ಕಲ್ಲಿದ್ದಲು ಮತ್ತು ತೈಲದಲ್ಲಿ ಆ ಇಂಗಾಲ ಪೂರ್ತಿ ಕ್ಷಯಿಸಿಹೋಗಿರುತ್ತದೆ. ಅವುಗಳ ಹೊಗೆ ಬೆರೆತ ಗಾಳಿಯನ್ನು ಉಂಡು ಬೆಳೆದ ಮರ ತನ್ನ ಮೈಯಲ್ಲೇ ಆ ಲೆಕ್ಕವನ್ನು ಬರೆದಿಟ್ಟುಕೊಂಡಿತ್ತು. 1958ರಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ, ಭೂಮಿಯ ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗವಿತ್ತು. ಈಗ 420ನ್ನು ದಾಟಿದೆ. ಉತ್ತರಾರ್ಧಗೋಳದ ಗಿಡಮರ ಚಿಗುರಿದಾಗ ಆ ಅಳತೆಯ ರೇಖೆ ಇಳಿಯುತ್ತದೆ, ಎಲೆ ಉದುರಿ ಕೊಳೆಯುವಾಗ ಏರುತ್ತದೆ, ಆದರೆ ಹಿಂದಿನ ವರ್ಷದ ಮಟ್ಟಕ್ಕೆ ಮರಳುವುದಿಲ್ಲ. ಸೂರ್ಯನೇ ಕಾರಣನಾಗಿದ್ದರೆ ವಾತಾವರಣದ ಮೇಲ್ಪದರವೂ ಬಿಸಿಯಾಗಬೇಕಿತ್ತು. ಆದರೆ ನೆಲದ ಮೇಲೆ ಬಿಸಿ ಏರುತ್ತಿರುವಾಗ ಆ ಮೇಲ್ಪದರವಾದ ಸ್ತರಗೋಳ ತಂಪಾಗಿದೆ.

ನನ್ನ ಬೇಸರ ನಿಮ್ಮ ಮೇಲೆ ಮಾತ್ರವಲ್ಲ, ನನ್ನ ವೃತ್ತಿಯ ಮೇಲೂ ಇದೆ. ಸಮತೋಲನವೆಂದು ಭಾವಿಸಿ, ದಶಕಗಟ್ಟಲೆ ಅಳೆದವರ ಬರಹವನ್ನು ಪುಟದ ಎಡಕ್ಕೂ ಏನನ್ನೂ ಅಳೆಯದವರ ಬರಹವನ್ನು ಬಲಕ್ಕೂ ಸರಿಸಮ ಜಾಗದಲ್ಲಿ ನಾನೇ ಅಚ್ಚು ಹಾಕಿಸಿದ್ದೇನೆ. ಆ ಪುಟ ನೋಡಿದ ಓದುಗರು, ವಿಜ್ಞಾನಿಗಳಲ್ಲೇ ಅರ್ಧಕ್ಕರ್ಧ ಭಿನ್ನಾಭಿಪ್ರಾಯವಿದೆ ಎಂದುಕೊಂಡಿದ್ದರೆ ಆ ತಪ್ಪು ನನ್ನದು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ.

ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಕೂಡ ನಿಮ್ಮಂತೆ ಸಂದೇಹಪಟ್ಟವರೇ. ಅವರು ತಮ್ಮದೇ ತಂಡ ಕಟ್ಟಿಕೊಂಡು ತಾಪಮಾನದ ಹಳೆಯ ದಾಖಲೆಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿದರು. 2012ರಲ್ಲಿ, ಈ ಬಿಸಿಯೇರಿಕೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯನೇ ಕಾರಣನೆಂದು ಬಹಿರಂಗವಾಗಿ ಬರೆದರು. ಸಂದೇಹವನ್ನು ಅಷ್ಟು ದೂರ ಕೊಂಡೊಯ್ದವರನ್ನು ನಾನು ಮನಸಾರೆ ಗೌರವಿಸುತ್ತೇನೆ, ನಿಮ್ಮ ಪತ್ರದ ಶ್ರದ್ಧೆಯಲ್ಲೂ ಆ ಗುಣದ ಸುಳಿವಿದೆ. ಮರದಲ್ಲಿ ಇಂಗಾಲ-14 ಕಡಿಮೆಯಾದದ್ದು ಹೇಗೆಂಬುದಕ್ಕೆ ನಿಮ್ಮ ವಿವರಣೆಯನ್ನು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.

– ಸಂಪಾದಕ