ಕ್ವಾಂಟುಂಗ್ ಎಲ್ಲಿದೆ?

ಪ್ರಶ್ನೆ: ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾವನ್ನು ಆಕ್ರಮಿಸಿದ ಜಪಾನಿ ಪಡೆಯನ್ನು ಚರಿತ್ರೆಯ ಪುಸ್ತಕಗಳು ‘ಕ್ವಾಂಟುಂಗ್ ಸೇನೆ’ ಎನ್ನುತ್ತವೆ. ಭೂಪಟದಲ್ಲಿ ಹುಡುಕಿದರೆ ಸಿಗುವ ಗುವಾಂಗ್‌ಡಾಂಗ್ ಪ್ರಾಂತ್ಯವು ಚೀನಾದ ದಕ್ಷಿಣದಲ್ಲಿ, ಹಾಂಗ್‌ಕಾಂಗ್‌ಗೆ ಹೊಂದಿಕೊಂಡಿದೆ. ಉತ್ತರದ ಸೇನೆಗೆ ದಕ್ಷಿಣದ ಹೆಸರು ಹೇಗೆ ಬಂತು?

ಉತ್ತರ: ಆ ಸೇನೆಗೂ ಗುವಾಂಗ್‌ಡಾಂಗ್ ಪ್ರಾಂತ್ಯಕ್ಕೂ ಸಂಬಂಧವಿಲ್ಲ. ಹಳೆಯ ರೋಮನ್ ಬರವಣಿಗೆಯಲ್ಲಿ ಎರಡು ಹೆಸರುಗಳ ನಡುವೆ ‘ಜಿ’ ಎಂಬ ಒಂದೇ ಅಕ್ಷರದ ಅಂತರವಿದ್ದುದರಿಂದ ಈ ಗೊಂದಲ ಅನೇಕರನ್ನು ಕಾಡಿದೆ. ಚೀನೀ ಲಿಪಿಯಲ್ಲಿ ಮಾತ್ರ ಮೊದಲ ಅಕ್ಷರಗಳೇ ಬೇರೆ: ದಕ್ಷಿಣದ ಪ್ರಾಂತ್ಯದಲ್ಲಿ ಅದು ‘ವಿಶಾಲ’ ಎಂಬರ್ಥದ್ದು, ಉತ್ತರದಲ್ಲಿ ‘ಗಡಿದ್ವಾರ’ ಎಂಬರ್ಥದ್ದು. ಮಹಾಗೋಡೆಯು ಪೂರ್ವದಲ್ಲಿ ಕಡಲನ್ನು ಮುಟ್ಟುವ ಶಾನ್‌ಹೈಗುವಾನ್ ದ್ವಾರದಿಂದ ಆಚೆಗಿನ ಸೀಮೆಯೇ ‘ದ್ವಾರದ ಮೂಡಲು’, ಅಂದರೆ ಕ್ವಾಂಟುಂಗ್. ಇಡೀ ಮಂಚೂರಿಯಾಕ್ಕೆ ಸಲ್ಲಬಹುದಾಗಿದ್ದ ಈ ಹೆಸರು ಲಿಯಾವೊಡಾಂಗ್ ಪರ್ಯಾಯ ದ್ವೀಪದ ದಕ್ಷಿಣ ತುದಿಯ ಸಣ್ಣ ಗುತ್ತಿಗೆ ಪ್ರದೇಶಕ್ಕೆ ಅಂಟಿಕೊಂಡಿತು.

1895ರಲ್ಲಿ ಚೀನಾವನ್ನು ಸೋಲಿಸಿದ ಜಪಾನ್ ಈ ಪರ್ಯಾಯ ದ್ವೀಪವನ್ನು ಪಡೆದಿತ್ತಾದರೂ, ರಷ್ಯಾ, ಜರ್ಮನಿ ಮತ್ತು ಫ್ರಾನ್ಸ್ ಒಟ್ಟಾಗಿ ಒತ್ತಡ ಹೇರಿದ್ದರಿಂದ ಹಿಂದಿರುಗಿಸಬೇಕಾಯಿತು. ಹಾಗೆ ನ್ಯಾಯ ಹೇಳಿದ ರಷ್ಯಾವೇ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಬಂದರಿನ ಆಸೆಯಿಂದ, 1898ರ ಮಾರ್ಚ್‌ನಲ್ಲಿ ಅದರ ತುದಿಯನ್ನು 25 ವರ್ಷಗಳ ಗುತ್ತಿಗೆಗೆ ಬರೆಸಿಕೊಂಡಿತು. ಜಪಾನ್ ಇದನ್ನು ಮರೆಯಲಿಲ್ಲ. ದೀರ್ಘ ಮುತ್ತಿಗೆಯ ನಂತರ 1905ರ ಜನವರಿಯಲ್ಲಿ ಅಲ್ಲಿನ ಕೋಟೆ ಪೋರ್ಟ್ ಆರ್ಥರ್ ಅದರ ಕೈವಶವಾಯಿತು. ಅದೇ ವರ್ಷ ರಷ್ಯಾ-ಜಪಾನ್ ಯುದ್ಧವನ್ನು ಕೊನೆಗೊಳಿಸಿದ ಪೋರ್ಟ್ಸ್‌ಮೌತ್ ಒಪ್ಪಂದದಿಂದ ಗುತ್ತಿಗೆಯೂ ಕೈ ಬದಲಾಯಿತು. 1923ಕ್ಕೆ ಮುಗಿಯಬೇಕಿದ್ದ ಅವಧಿಯನ್ನು ಜಪಾನ್ 1915ರಲ್ಲಿ ಚೀನಾದ ಮೇಲೆ ಒತ್ತಡ ತಂದು 99 ವರ್ಷಗಳಿಗೆ ವಿಸ್ತರಿಸಿಕೊಂಡಿತು. ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್ ಗುತ್ತಿಗೆಯಂತೆ ಇದೂ ಕಾಗದದ ಮೇಲೆ 1997ರವರೆಗೆ ನಡೆಯಬೇಕಿತ್ತು. ಈ ಪ್ರದೇಶದ ಮತ್ತು ಇಲ್ಲಿಂದ ಉತ್ತರಕ್ಕೆ ಹೋಗುವ ರೈಲುಮಾರ್ಗದ ಕಾವಲಿಗಿದ್ದ ಪಡೆಗಳೇ 1919ರಲ್ಲಿ ಕ್ವಾಂಟುಂಗ್ ಸೇನೆಯೆಂಬ ಪ್ರತ್ಯೇಕ ದಂಡಾದವು. ಕಾವಲಿಗೆಂದು ಬಂದ ಆ ದಂಡೇ 1931ರಲ್ಲಿ ಟೋಕಿಯೊ ಸರ್ಕಾರದ ಅಪ್ಪಣೆಗೂ ಕಾಯದೆ ಮಂಚೂರಿಯಾದ ಮೇಲೆ ಏರಿಹೋಯಿತು.

ಊರುಗಳ ಹೆಸರುಗಳೂ ಒಡೆಯರೊಂದಿಗೆ ಬದಲಾದವು. ರಷ್ಯನ್ನರು ‘ದೂರದ್ದು’ ಎಂಬರ್ಥದಲ್ಲಿ ಡಾಲ್ನಿ ಎಂದು ಕರೆದ ಬಂದರು ಜಪಾನಿಯರಿಗೆ ಡೈರೆನ್ ಆಯಿತು. ಇಂದು ಅದು ಡಾಲಿಯನ್. ಬ್ರಿಟಿಷ್ ನೌಕಾಧಿಕಾರಿಯೊಬ್ಬನ ಹೆಸರು ಹೊತ್ತಿದ್ದ ಪೋರ್ಟ್ ಆರ್ಥರ್ ಈಗ ಅದೇ ನಗರದ ಲುಶುನ್ ವಿಭಾಗ. 1945ರಲ್ಲಿ ಬಂದ ಸೋವಿಯತ್ ಪಡೆಗಳು ಅಲ್ಲಿಂದ ತೆರಳಿದ್ದು 1955ರಲ್ಲಿ. ಕ್ವಾಂಟುಂಗ್ ಎಂಬ ಹೆಸರಿನ ಆಡಳಿತ ಪ್ರದೇಶ ಇಂದಿನ ಭೂಪಟದಲ್ಲಿ ಇಲ್ಲ.