ಬೆಂಕಿ ರೋಗಕ್ಕೆ ಸೂಡೋಮೊನಾಸ್: ಯಾವಾಗ, ಹೇಗೆ?

ಪ್ರಶ್ನೆ: ನಾಟಿ ಮಾಡಿ ತಿಂಗಳಾಯಿತು. ಯೂರಿಯಾ ಎರಚಿ ವಾರ ಕಳೆಯುವಷ್ಟರಲ್ಲಿ ಒಂದು ಗದ್ದೆಯ ಎಲೆಗಳಲ್ಲೆಲ್ಲ ಚುಕ್ಕಿ ಬಂದಿದೆ. ಅಂಗಡಿಯವರು ಸೂಡೋಮೊನಾಸ್ ಪುಡಿ ಕೊಟ್ಟಿದ್ದಾರೆ. ಬ್ಯಾಕ್ಟೀರಿಯಾದಿಂದ ಶಿಲೀಂಧ್ರ ರೋಗ ಹೋಗುತ್ತದೆಯೇ?
– ಭತ್ತದ ಬೆಳೆಗಾರರು, ಹೊಸನಗರ ತಾಲ್ಲೂಕು

ಉತ್ತರ: ಮೊದಲು ಒಂದು ಎಲೆ ಕಿತ್ತು ಅಂಗೈ ಮೇಲಿಟ್ಟು ನೋಡಿ. ಚುಕ್ಕಿಯ ಎರಡೂ ತುದಿ ಚೂಪಾಗಿ, ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು ಇದ್ದರೆ ಅದು ಬೆಂಕಿ ರೋಗವೇ. ಮೋಡ, ರಾತ್ರಿಯ ತಂಪು, ಹೊತ್ತೇರಿದರೂ ಆರದ ಇಬ್ಬನಿ, ಅದರ ಮೇಲೆ ಯೂರಿಯಾ. ಇಷ್ಟು ಸಿಕ್ಕರೆ ಗದ್ದೆಯಿಂದ ಗದ್ದೆಗೆ ಹಾರುತ್ತದೆ. ಕೊಡಗಿನ ಪೊನ್ನಂಪೇಟೆಯಲ್ಲಿ ಈ ರೋಗ ತಡೆಯುವ ತಳಿಗಳನ್ನು ಪರೀಕ್ಷೆಗೆ ಒಡ್ಡುವುದೂ ಅಲ್ಲಿನ ಹವೆ ರೋಗಕ್ಕೆ ಅಷ್ಟು ಒಗ್ಗಿರುವುದರಿಂದ.

ಈ ಪುಡಿಯಲ್ಲಿರುವ ಬ್ಯಾಕ್ಟೀರಿಯಾ, ಸೂಡೋಮೊನಾಸ್ ಫ್ಲೋರೆಸೆನ್ಸ್, ಬೇರಿನ ಸುತ್ತ ನೆಲೆಯೂರಿ, ಶಿಲೀಂಧ್ರಕ್ಕೆ ಬೇಕಾದ ಕಬ್ಬಿಣದ ಅಂಶವನ್ನು ತಾನೇ ಎಳೆದುಕೊಳ್ಳುತ್ತದೆ. ಶಿಲೀಂಧ್ರಕ್ಕೆ ಆಗದ ರಸ ಬಿಡುತ್ತದೆ. ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಎಬ್ಬಿಸುತ್ತದೆ. ಇದಕ್ಕೆಲ್ಲ ದಿನ ಹಿಡಿಯುತ್ತದೆ. ಚುಕ್ಕಿ ಹರಡಿದ ಮೇಲೆ ಇದೊಂದನ್ನೇ ಹೊಡೆದು ಕಾಯುತ್ತಾ ಕೂತರೆ ಬೆಳೆ ಕೈಬಿಡುತ್ತದೆ. ಒಂದು ವರ್ಷ ನಾನು ಹಾಗೆಯೇ ಅರ್ಧ ಎಕರೆ ಕಳೆದುಕೊಂಡೆ. ಆ ಪೊಟ್ಟಣವೂ ಅಂಗಡಿಯ ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತದ್ದು, ಒಳಗೆ ಜೀವ ಉಳಿದಿತ್ತೋ ಇಲ್ಲವೋ. ಈಗ ತಯಾರಿಸಿದ ತಾರೀಖು ನೋಡದೆ ನಾನು ಪುಡಿ ಕೊಳ್ಳುವುದಿಲ್ಲ.

ರೋಗ ಹತ್ತಿದ ಗದ್ದೆಗೆ ಯೂರಿಯಾ ನಿಲ್ಲಿಸಿ, ಲೀಟರ್ ನೀರಿಗೆ 0.6 ಗ್ರಾಂ ಟ್ರೈಸೈಕ್ಲಜೋಲ್ ಎಂಬ ರಾಸಾಯನಿಕ ಶಿಲೀಂಧ್ರನಾಶಕ ಹೊಡೆಯಿರಿ. ಇದನ್ನು ಬರೆಯಲು ನನಗೆ ಮನಸ್ಸಿಲ್ಲ, ಆದರೆ ನಿಮ್ಮ ಈ ವರ್ಷದ ಅನ್ನ ಮುಖ್ಯ. ಇನ್ನೂ ಚುಕ್ಕಿ ಕಾಣದ ಗದ್ದೆಗಳಿಗೆ ನಿಮ್ಮ ಪುಡಿಯನ್ನು ಲೀಟರಿಗೆ 5 ಗ್ರಾಂನಂತೆ, ಸಂಜೆ ಬಿಸಿಲು ಇಳಿದ ಮೇಲೆ, 10 ದಿನಕ್ಕೊಮ್ಮೆ ಮೂರು ಸಲ ಸಿಂಪಡಿಸಿ. ಎರಡನ್ನೂ ಒಂದೇ ಕ್ಯಾನಿನಲ್ಲಿ ಬೆರೆಸಬೇಡಿ. ಅಡಿಕೆಗೆ ತಾಮ್ರವಿರುವ ಬೋರ್ಡೋ ದ್ರಾವಣ ಕದಡಿದ ಡ್ರಮ್ಮಿನಲ್ಲಂತೂ ಈ ಪುಡಿ ಹಾಕಲೇಬೇಡಿ, ತಾಮ್ರ ತಗಲಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ತೆನೆ ಇಣುಕುವಾಗ ದಿನಾ ಒಂದು ಸುತ್ತು ಹೋಗಿ ತೆನೆಯ ಕುತ್ತಿಗೆ ನೋಡಿ. ಅಲ್ಲಿ ಕಪ್ಪಾದರೆ ಕಾಳು ಜೊಳ್ಳು.

ಮುಂದಿನ ಸಲ ಬೀಜದಿಂದಲೇ ಶುರು ಮಾಡಿ. ಕಿಲೋ ಬೀಜಕ್ಕೆ 10 ಗ್ರಾಂ ಪುಡಿ ಬೆರೆಸಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬಸಿದು ಮೊಳಕೆ ಕಟ್ಟಿ. ನಾಟಿಯ ದಿನ ಎಕರೆಗೆ ಒಂದು ಕಿಲೋ ಪುಡಿಯನ್ನು ಸಣ್ಣ ಮಡಿಯ ನೀರಿಗೆ ಕದಡಿ, ಕಿತ್ತ ಸಸಿಯ ಕಟ್ಟುಗಳನ್ನು ಬೇರು ಮುಳುಗುವಂತೆ ಅರ್ಧ ಗಂಟೆ ಅದರಲ್ಲಿ ನಿಲ್ಲಿಸಿ. ನಾಟಿಗೆ ಬಂದವರು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ.