ಗಾರ್ಲಂಡ್ ಸೋಲಲಿಲ್ಲ, ಮತಕ್ಕೇ ಹಾಕಲಿಲ್ಲ: ಹೊಸ ಬರಹಗಾರರೊಬ್ಬರಿಗೆ ಉತ್ತರ

ಪ್ರಿಯ ಮಿತ್ರರೇ,

ಚುನಾವಣೆ ಹತ್ತಿರ ಇರುವಾಗ ಅಮೆರಿಕದ ಸುಪ್ರೀಂ ಕೋರ್ಟಿನ ಖಾಲಿ ಸ್ಥಾನ ತುಂಬಬೇಕೋ ಬೇಡವೋ ಎಂಬ ಜಗಳದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ವಿಷಯ ಗಟ್ಟಿಯಾಗಿದೆ, ನಿಮಗೆ ಅದರಲ್ಲಿ ನಿಜವಾದ ಕಾಳಜಿ ಇದೆ. ಅದಕ್ಕೇ ನೇರವಾಗಿ ಹೇಳುತ್ತೇನೆ.

ಮೊದಲು ಒಂದು ತಪ್ಪು. 2016ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್, ಸುಪ್ರೀಂ ಕೋರ್ಟಿಗೆ ಸೂಚಿತರಾಗಿದ್ದ ನ್ಯಾಯಾಧೀಶ ಮೆರಿಕ್ ಗಾರ್ಲಂಡ್ ಅವರನ್ನು ತಿರಸ್ಕರಿಸಿತು ಎಂದು ಎರಡು ಕಡೆ ಬರೆದಿದ್ದೀರಿ. ತಿರಸ್ಕರಿಸಬೇಕಾದರೆ ಮತಕ್ಕೆ ಹಾಕಬೇಕಲ್ವಾ? ಹಾಕಲೇ ಇಲ್ಲ. ಸೆನೆಟ್‌ನ ನ್ಯಾಯಾಂಗ ಸಮಿತಿ ಒಂದು ದಿನವೂ ಅವರನ್ನು ಕರೆದು ಪ್ರಶ್ನೆ ಕೇಳಲಿಲ್ಲ. ಮಾರ್ಚ್ 16ರಂದು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಒಬಾಮ ಗಾರ್ಲಂಡ್ ಹೆಸರನ್ನು ಸೂಚಿಸಿದರು. 2017ರ ಜನವರಿ 3ರಂದು ಸೆನೆಟ್‌ನ ಆ ಅವಧಿ ಮುಗಿಯಿತು, ಜೊತೆಗೇ ಆ ಹೆಸರೂ ತಾನಾಗಿ ಬಿದ್ದುಹೋಯಿತು. ನಡುವೆ 293 ದಿನ.

ಇದು ಸಣ್ಣ ತಪ್ಪಲ್ಲ. ನಿಮ್ಮ ಲೇಖನ ದಾರಿ ತಪ್ಪಿದ್ದೇ ಇಲ್ಲಿ. 1987ರಲ್ಲಿ ಇದೇ ಕೋರ್ಟಿಗೆ ಅಧ್ಯಕ್ಷ ರೇಗನ್ ಸೂಚಿಸಿದ್ದ ರಾಬರ್ಟ್ ಬೋರ್ಕ್ ನಿಜವಾಗಿ ಸೋತರು. ಪರ 42, ವಿರುದ್ಧ 58. ಯಾರು ಹೌದು ಎಂದರು, ಯಾರು ಇಲ್ಲ ಎಂದರು ಎಂಬುದು ದಾಖಲೆಯಲ್ಲಿದೆ. ಪ್ರತಿಯೊಬ್ಬ ಸೆನೆಟರ್ ತನ್ನ ರಾಜ್ಯದ ಜನರಿಗೆ ಉತ್ತರ ಹೇಳಬೇಕಿತ್ತು. ಗಾರ್ಲಂಡ್ ವಿಷಯದಲ್ಲಿ ಯಾರ ಮತವೂ ದಾಖಲಾಗಲಿಲ್ಲ. ಸುಮ್ನೆ ಕೂತೇ ಒಂದು ನೇಮಕಾತಿಯನ್ನು ತಡೆಯಲಾಯಿತು. ನೀವು ಬರೆಯಬೇಕಾದ ಲೇಖನ ಇದು.

ಇದು ಹೇಗೆ ಸಾಧ್ಯವಾಯಿತು ಎಂದು ವಿವರಿಸಿ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಸಲಹೆ ಮತ್ತು ಒಪ್ಪಿಗೆ ಕೊಡಬೇಕು ಎನ್ನುತ್ತದೆ ಅಲ್ಲಿನ ಸಂವಿಧಾನ. ಎಷ್ಟು ದಿನದಲ್ಲಿ ಎಂದು ಹೇಳುವುದಿಲ್ಲ. ಯಾವ ಹೆಸರು ಸದನದ ಮುಂದೆ ಬರಬೇಕು ಎಂಬುದು ಬಹುಮತ ಪಕ್ಷದ ನಾಯಕನ ಕೈಯಲ್ಲಿರುತ್ತದೆ. ಆಗ ಸೆನೆಟ್‌ನ ನೂರರಲ್ಲಿ 54 ಜನ ರಿಪಬ್ಲಿಕನ್ನರು, ಅವರ ನಾಯಕ ಮಿಚ್ ಮೆಕಾನೆಲ್. ಫೆಬ್ರವರಿ 13ರಂದು ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ತೀರಿಕೊಂಡರು. ಹೊಸ ಅಧ್ಯಕ್ಷರು ಬರುವ ತನಕ ಆ ಸ್ಥಾನ ತುಂಬಬಾರದು ಎಂದು ಮೆಕಾನೆಲ್ ಅದೇ ದಿನ ಹೇಳಿಕೆ ಕೊಟ್ಟರು. ಆಗಿನ್ನೂ ಯಾರ ಹೆಸರೂ ಬಂದಿರಲಿಲ್ಲ. ಚುನಾವಣೆಗೆ ಎಂಟು ತಿಂಗಳಿಗೂ ಜಾಸ್ತಿ ಸಮಯವಿತ್ತು. ಅಂದರೆ ಗಾರ್ಲಂಡ್ ಒಳ್ಳೆಯವರೋ ಅಲ್ಲವೋ ಎಂಬ ಪ್ರಶ್ನೆಯೇ ಇರಲಿಲ್ಲ. ಒಬಾಮ ಹೆಸರು ಸೂಚಿಸುವ ಕೆಲವೇ ದಿನಗಳ ಮುಂಚೆ ರಿಪಬ್ಲಿಕನ್ ಪಕ್ಷದ ಹಿರಿಯ ಸೆನೆಟರ್ ಆರಿನ್ ಹ್ಯಾಚ್ ಅವರೇ ಗಾರ್ಲಂಡ್ ಒಳ್ಳೆಯ ಮನುಷ್ಯ ಎಂದು ಹೊಗಳಿದ್ದರು. ಇಂಥ ವಿವರ ನಿಮ್ಮ ಲೇಖನದಲ್ಲಿ ಒಂದೂ ಇಲ್ಲ. ಬದಲಿಗೆ 'ಪ್ರಜಾಪ್ರಭುತ್ವದ ಕಗ್ಗೊಲೆ' ಐದು ಸಲ ಬಂದಿದೆ. ಐದನ್ನೂ ತೆಗೆಯಿರಿ.

ಕನ್ನಡದ ಓದುಗರಿಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 65ಕ್ಕೆ ನಿವೃತ್ತರಾಗುತ್ತಾರೆ. ಅಲ್ಲಿ ನಿವೃತ್ತಿ ವಯಸ್ಸೇ ಇಲ್ಲ. ಸ್ಕಲಿಯಾ ಸುಮಾರು 30 ವರ್ಷ ಪೀಠದಲ್ಲಿದ್ದರು. ಇರುವುದೇ ಒಂಬತ್ತು ಸ್ಥಾನ. ಒಬ್ಬರು ಹೋದರೆ ಇಡೀ ಕೋರ್ಟಿನ ದಿಕ್ಕು ಬದಲಾಗಬಹುದು. ಒಂದು ಕುರ್ಚಿಗಾಗಿ ಎರಡು ಪಕ್ಷಗಳು ಹೀಗೆ ಕಾದಾಡುವುದೇಕೆ ಎಂಬುದು ಇದನ್ನು ಹೇಳದೆ ಅರ್ಥವಾಗುವುದಿಲ್ಲ.

ಕುರ್ಚಿ ಖಾಲಿ ಇದ್ದುದರಿಂದ ಏನಾಯಿತು ಎಂಬುದನ್ನೂ ನೀವು ಬಿಟ್ಟಿದ್ದೀರಿ. ಉಳಿದವರು ಎಂಟು ಜನ. 2016ರ ಜೂನ್‌ನಲ್ಲಿ ಒಬಾಮ ಸರ್ಕಾರದ ವಲಸೆ ಯೋಜನೆಯ ಮೊಕದ್ದಮೆ 4–4 ಆಗಿ ನಿಂತಿತು. ಸಮ ಆದರೆ ಕೆಳಗಿನ ಕೋರ್ಟಿನ ಆದೇಶವೇ ಉಳಿಯುತ್ತದೆ. ದಾಖಲೆ ಇಲ್ಲದೆ ಬದುಕುತ್ತಿದ್ದ ಲಕ್ಷಾಂತರ ತಂದೆ ತಾಯಂದಿರಿಗೆ ಗಡೀಪಾರಿನಿಂದ ರಕ್ಷಣೆ ಕೊಡುವ ಯೋಜನೆ ಅದು. ಅದು ನಿಂತುಹೋಗಿದ್ದಕ್ಕೆ ದೇಶದ ಅತಿ ದೊಡ್ಡ ಕೋರ್ಟ್ ಕಾರಣವನ್ನೂ ವಿವರಿಸಲಿಲ್ಲ. ತೀರ್ಪು ಒಂದೇ ಸಾಲಿನದು. ಇಲ್ಲಿ ನಿಧಾನವಾಗಿ ಬರೆಯಿರಿ, ಜಾಗ ಕೊಡುತ್ತೇನೆ.

2020ರ ಭಾಗ ಮಾತ್ರ ಉದ್ದವಾಯಿತು. ಸೆಪ್ಟೆಂಬರ್ 18ಕ್ಕೆ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. 26ಕ್ಕೆ ರಿಪಬ್ಲಿಕನ್ ಅಧ್ಯಕ್ಷ ಟ್ರಂಪ್ ಏಮಿ ಕೋನಿ ಬ್ಯಾರೆಟ್ ಹೆಸರು ಸೂಚಿಸಿದರು. ಅಕ್ಟೋಬರ್ 26ಕ್ಕೆ ಸೆನೆಟ್ 52–48ರಲ್ಲಿ ಒಪ್ಪಿತು. ಚುನಾವಣೆ ನವೆಂಬರ್ 3ಕ್ಕೆ. ಅಷ್ಟು ಹೊತ್ತಿಗೆ ಕೋಟಿಗಟ್ಟಲೆ ಜನ ಮುಂಗಡವಾಗಿ ಮತ ಹಾಕಿಯೂ ಆಗಿತ್ತು. ಇಷ್ಟು ಸಾಕು. ಓದುಗರಿಗೆ ಕೋಪ ಬರಿಸಲು ಈ ದಿನಾಂಕಗಳೇ ಸಾಲುತ್ತವೆ. ನಿಮ್ಮ ನಾಲ್ಕು ಪ್ಯಾರಾ ಬೈಗುಳ ಅದನ್ನು ಕಡಿಮೆ ಮಾಡುತ್ತದೆ.

ಎದುರಿನವರ ವಾದವನ್ನು ನೀವು ಮುಟ್ಟಿಯೇ ಇಲ್ಲ. ಅದು ನನಗೆ ಎಲ್ಲಕ್ಕಿಂತ ಬೇಸರ ತಂದಿತು. 1992ರಲ್ಲಿ ಡೆಮಾಕ್ರಟ್ ಸೆನೆಟರ್ ಜೋ ಬೈಡನ್ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದರು. ಚುನಾವಣಾ ಪ್ರಚಾರ ಮುಗಿಯುವ ತನಕ ಹೆಸರು ಸೂಚಿಸಬಾರದು ಎಂದು ಸೆನೆಟ್‌ನಲ್ಲಿ ನಿಂತು ಅವರೂ ಹೇಳಿದ್ದರು. ಆಗ ಸ್ಥಾನ ಖಾಲಿಯಾಗಲಿಲ್ಲ, ಮಾತು ಮಾತಾಗಿಯೇ ಉಳಿಯಿತು. ಮೆಕಾನೆಲ್ ಇನ್ನೊಂದು ವಾದ ಇಟ್ಟರು: 2016ರಲ್ಲಿ ಅಧ್ಯಕ್ಷರು ಒಂದು ಪಕ್ಷ, ಸೆನೆಟ್ ಇನ್ನೊಂದು ಪಕ್ಷ, 2020ರಲ್ಲಿ ಎರಡೂ ಒಂದೇ. ಇವನ್ನು ಪೂರ್ತಿ ಹೇಳಿ, ಆಮೇಲೆ ಉತ್ತರ ಕೊಡಿ. ಉತ್ತರ ಇದೆ. 1988 ಚುನಾವಣೆಯ ವರ್ಷ. ಅಧ್ಯಕ್ಷ ರೇಗನ್ ರಿಪಬ್ಲಿಕನ್, ಸೆನೆಟ್ ಡೆಮಾಕ್ರಟರದು. ಆದರೂ ಫೆಬ್ರವರಿಯಲ್ಲಿ ರೇಗನ್ ಸೂಚಿಸಿದ್ದ ಆಂಟನಿ ಕೆನಡಿ ಅವರನ್ನು ಸೆನೆಟ್ 97–0ರಲ್ಲಿ ಒಪ್ಪಿತು. ಅವರ ಹೆಸರು ಹಿಂದಿನ ನವೆಂಬರ್‌ನಲ್ಲೇ ಬಂದಿತ್ತು ಎಂಬುದನ್ನೂ ಬರೆಯಿರಿ, ಮುಚ್ಚಿಡಬೇಡಿ. ಸೆನೆಟ್‌ಗೆ ಸುಮ್ಮನಿರುವ ಅಧಿಕಾರ ಇತ್ತು ಎಂಬುದು ನಿಜ. ಅದನ್ನು ಹಳೆಯ ನಿಯಮ ಎಂದು ಜನರಿಗೆ ಹೇಳಿದ್ದು ಸುಳ್ಳು. ನನ್ನ ಅಭಿಪ್ರಾಯ ಇದು. ನಿಮ್ಮದು ಬೇರೆ ಇರಬಹುದು, ಆದರೆ ವಾದ ಮಾಡಿ ತೋರಿಸಿ.

ಕೊನೆಗೆ ನೀವು ಹೋಲಿಕೆಗೆ ತಂದ ನಮ್ಮ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಅವರ ಪ್ರಸಂಗ. 1973ರಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪಿನ ಬೆನ್ನಲ್ಲೇ, ಹಿರಿಯರಾದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ಕರಾವಳಿಯ ಈ ಮನುಷ್ಯನ ಮೇಲೆ ನಿಮಗಿರುವ ಅಭಿಮಾನ ನನಗೂ ಇದೆ. ಆದರೆ ಆ ಪ್ರಸಂಗದಲ್ಲಿ ಸರ್ಕಾರವೇ ಆಯ್ಕೆ ಮಾಡಿತ್ತು, ತಡೆಯುವವರು ಯಾರೂ ಇರಲಿಲ್ಲ. ಅಮೆರಿಕದಲ್ಲಿ ಆಯ್ಕೆ ಮಾಡಿದ ಅಧ್ಯಕ್ಷರನ್ನೇ ತಡೆದು ನಿಲ್ಲಿಸಿದರು. ಎರಡನ್ನೂ 'ಒಂದೇ ಕತೆ' ಎಂದು ಕಟ್ಟಿದರೆ ಎರಡಕ್ಕೂ ಅನ್ಯಾಯ. ಹೆಗ್ಡೆ ಅವರ ಬಗ್ಗೆ ಬೇರೆಯೇ ಲೇಖನ ಬರೆಯಿರಿ, ಖಂಡಿತ ಓದುತ್ತೇನೆ.

ಮುಕ್ತಾಯಕ್ಕೆ ಒಂದು ಸಲಹೆ. 2020ರಲ್ಲಿ ಬ್ಯಾರೆಟ್ ವಿರುದ್ಧ ಮತ ಹಾಕಿದ ರಿಪಬ್ಲಿಕನ್ ಒಬ್ಬರೇ, ಮೇನ್ ರಾಜ್ಯದ ಸೂಸನ್ ಕಾಲಿನ್ಸ್. ಬ್ಯಾರೆಟ್ ಅವರ ಅರ್ಹತೆ ತಮ್ಮ ಆಕ್ಷೇಪವಲ್ಲ, ಚುನಾವಣೆಗೆ ಮುಂಚೆ ಮತ ಹಾಕುವುದೇ ಸರಿಯಲ್ಲ ಎಂದರು. 2016ರಲ್ಲೂ ಅವರು ಗಾರ್ಲಂಡ್ ವಿಚಾರಣೆ ನಡೆಯಲಿ ಎಂದಿದ್ದರು. ಅವರನ್ನು ಲೇಖನದ ನಡುವೆ ತಂದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಸಾವಿರದ ಇನ್ನೂರು ಪದ ದಾಟದ ಹಾಗೆ ತಿದ್ದಿ ಕಳಿಸಿ. ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ